ನೂಲಿನ ಲೆಕ್ಕ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಓಣಿ,
ಮಹಡಿಯ ಮೇಲೆ ನನ್ನ ಮೆಷಿನ್ನು.
ಹನ್ನೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೆ
ಕಪ್ಪು ಕುಪ್ಯಕ್ಕೆ ಕಪ್ಪು ನೂಲು ಹಾಕಿದೆ.
ಕರಿಯ ಮೇಲೆ ಕರಿ. ಕಣ್ಣಿಗಿಂತ
ಬೆರಳೇ ಹೆಚ್ಚು ನೋಡಿತು.
ಹುತ್ತರಿ ಹತ್ತಿರ ಬಂದಾಗಲೇ ಕರೆಂಟು ಹೋಗುವುದು;
ಗಿರಾಕಿ ಮೆಟ್ಟಿಲ ಮೇಲೆ,
ನಾನು ಮೇಣದಬತ್ತಿಗೆ ಬೈಯುತ್ತಾ.

ಒಂದು ಕಿಟಕಿ ಇಡಿಸಿಕೊಡಿ ಎಂದೆ ಪೂವಯ್ಯನವರಿಗೆ.
"ಇಡಿಸಿಕೋ ಹಂಝಾ, ನಾನೇನು ಬೇಡ ಅಂದೆನಾ?"
ಅಂದರೆ ದುಡ್ಡು ನನ್ನದು.
ಆ ಮಾತಿನ ಒಳಮಡಿಕೆ ಬಿಚ್ಚಲು
ಒಂದು ವಾರ ಹಿಡಿಯಿತು.

ದಾಮು ಮೇಸ್ತ್ರಿ ಎರಡು ದಿನ ಗೋಡೆ ಒಡೆದ.
ನಂದಿ ಮರದ ಚೌಕಟ್ಟು, ಸೆಕೆಂಡ್‌ಹ್ಯಾಂಡು,
ಗಾಜು, ಕಂಬಿ, ಸಿಮೆಂಟು, ಇಬ್ಬರ ಊಟ:
ಹದಿನಾಲ್ಕು ಸಾವಿರದ ಮುನ್ನೂರು.
ಚೀಟಿಗಳನ್ನೆಲ್ಲ ಬಾಬಿನ್ ಡಬ್ಬಿಯಲ್ಲಿಟ್ಟೆ.
"ಇಷ್ಟು ಕೊಟ್ಟು ತಗೊಂಡದ್ದೇನು?" ಎಂದಳು ಹೆಂಡತಿ.
ಒಂದು ತೂತು, ಎಂದೆ.
ಬೇರೆಯವರ ಗೋಡೆಯಲ್ಲಿ.

ಒಂಬತ್ತಕ್ಕೆ ಬಿಸಿಲು ಬಂದು
ಕತ್ತರಿಯ ಪಕ್ಕ ಕೂತುಕೊಳ್ಳತೊಡಗಿತು.
ಅಮ್ಮತ್ತಿ ಬಸ್ಸಿನ ನೆತ್ತಿ ಕಂಡಿತು,
ಅದರ ಮೇಲೆ ಶುಂಠಿ ಮೂಟೆ,
ಮೂಟೆಗೆ ಹಾಕಿದ ಒರಟು ಹೊಲಿಗೆ.

ಏಪ್ರಿಲಿನಲ್ಲಿ ಕರಾರು ಮುಗಿಯಿತು.
"ರೂಮಿಗೆ ಈಗ ಬೆಳಕಿದೆಯಲ್ಲ" ಎಂದು
ಆರುನೂರು ಏರಿಸಿದರು ಪೂವಯ್ಯ.
ಬಿಟ್ಟು ಹೋಗೋಣವೆಂದರೆ
ಫ್ಯಾನು ಬಿಚ್ಚಬಹುದು, ಬೀಗ ಬಿಚ್ಚಬಹುದು,
ಹಟ ಹಿಡಿದರೆ ಚೌಕಟ್ಟನ್ನೂ ಕೀಳಬಹುದು.
ತೂತನ್ನು ಹೇಗೆ ಮಡಚುವುದು?

ನನ್ನ ಕಸುಬಿನ ನ್ಯಾಯ ಇಷ್ಟೇ:
ಬಟ್ಟೆ ಗಿರಾಕಿಯದು, ನೂಲು ನನ್ನದು,
ಹೊಲಿದ ಮೇಲೆ ನೂಲೂ ಅವರದೇ.
ಯಾರನ್ನೂ ವಾಪಸು ಕೇಳಿದವನಲ್ಲ.
ಆದರೆ ಅವರು ಕೂಲಿ ಕೊಟ್ಟು ಒಯ್ಯುತ್ತಾರೆ,
ಚೆನ್ನಾಗಿ ಹೊಲಿದೆಯೆಂದು
ನನ್ನಿಂದಲೇ ವಸೂಲು ಮಾಡುವುದಿಲ್ಲ.

ಮೊನ್ನೆ, ಮಗಳ ಮದುವೆಗೆಂದು,
ತಮ್ಮ ಹಳೆಯ ಕುಪ್ಯ ಹಿಡಿದು ಬಂದರು.
ಹೊಟ್ಟೆ ಬಂದಿದೆ, ಎರಡು ಇಂಚು ಬಿಡಿಸಬೇಕು.
ಬಿಡಿಸಿದೆ. ಚೀಟಿ ಬರೆದೆ:
ಕೂಲಿ ಮುನ್ನೂರು. ಅದರ ಕೆಳಗೆ,
ಮೂವತ್ತು ವರ್ಷದಲ್ಲಿ ಮೊದಲ ಸಲ,
ನೂಲು, ನಾಲ್ಕು ರೂಪಾಯಿ.

"ನೂಲಿಗೂ ದುಡ್ಡಾ?"

ನಾನು ತಲೆ ಎತ್ತಲಿಲ್ಲ.
ಅವರು ಕುಪ್ಯ ಹಿಡಿದು ಕಿಟಕಿಯ ಹತ್ತಿರ ಹೋದರು,
ಹೊಸ ಹೊಲಿಗೆ ಎಲ್ಲಿದೆಯೆಂದು ಹುಡುಕುತ್ತ
ತುಂಬ ಹೊತ್ತು
ಆ ಬೆಳಕಿನಲ್ಲೇ ನಿಂತಿದ್ದರು.