ತೋಳಿನ ಪಟ್ಟಿ

ರಿಪ್ಪನ್‌ಪೇಟೆಯ ಹಳೆಯ ರೇಷ್ಮೆ ಇಲಾಖೆ ಕಟ್ಟಡದಲ್ಲಿ
ಒಂಬತ್ತು ವರ್ಷ ಅನ್ನ ಬೇಯಿಸಿದೆ, ಅನ್ನಕ್ಕಿಂತ ಹೆಚ್ಚು ಗಂಜಿ.
ಫಿಲೋಮಿನಾ ಡಯಾಸ್, ಹಾಜರಿ ಪುಸ್ತಕದಲ್ಲಿ ‘ಅ. ಸಹಾಯಕಿ’.
‘ಅ’ ಅಂದರೆ ಅಡುಗೆಯೋ ಅರೆಕಾಲಿಕವೋ,
ಕೇಳಿ ಕೇಳಿ ಬಿಟ್ಟೆ.

ಮೊದಲು ಇಪ್ಪತ್ತೊಂದು ದಿನದ ಶಿಬಿರ.
ಆಮೇಲೆ ಹದಿನಾಲ್ಕು.
ಆಮೇಲೆ ಒಬ್ಬ ಸಾಹೇಬರು ಬಂದು
ಹತ್ತರಲ್ಲೇ ಆಗುತ್ತದೆ ಅಂದರು.
ಮಗುವೇನು ಹೆಸರುಕಾಳೇ,
ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ
ಬೆಳಗಾಗುವಷ್ಟರಲ್ಲಿ ಮೊಳೆಯಲು?

ಮೊಟ್ಟೆ ಬಂತು. ಮೊಟ್ಟೆ ಹೋಗಿ ಬಾಳೆಹಣ್ಣು ಬಂತು.
ಬಾಳೆಹಣ್ಣಿನ ಬಿಲ್ಲು ಪಾಸಾಗುವ ಹೊತ್ತಿಗೆ
ಮತ್ತೆ ಮೊಟ್ಟೆ, ವಾರಕ್ಕೆ ಎರಡು.
ನಾನು ಎರಡಕ್ಕೂ ಅದೇ ತಟ್ಟೆ ತೊಳೆದೆ.

ತಕ್ಕಡಿ ಜಂತಿಯಿಂದ ನೇತಾಡುತ್ತಿತ್ತು,
ಅದರ ನೀಲಿ ಚಡ್ಡಿಯೊಳಗೆ ಕಾಲು ತೂರಿಸಿದರೆ
ಎಲ್ಲ ಮಕ್ಕಳದೂ ಒಂದೇ ರಾಗ.
ಕಾರೆಹೊಂಡದ ದುಗ್ಗಿಯ ಮಗಳು ಬೆಳ್ಳಿ ಮಾತ್ರ ಅಳಲಿಲ್ಲ.
ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ.
ತೋಳಿಗೆ ಪಟ್ಟಿ ಸುತ್ತಿದೆವು: ಕೆಂಪು.
ಮೂರನೇ ದಿನ ಗಂಜಿ ಕಕ್ಕಿದಳು. ಐದನೇ ದಿನ ಕಕ್ಕಲಿಲ್ಲ.
ಎಂಟನೇ ದಿನ ನನ್ನ ಸೌಟು ಕಿತ್ತುಕೊಂಡು
ನೆಲಕ್ಕೆ ಕುಟ್ಟಿ ಕುಟ್ಟಿ ಅತ್ತಳು ನೋಡಿ,
ನರ್ಸಮ್ಮ ಓಡಿ ಬಂದು
ಅಳು ಬರೆಯುವ ಕಾಲಂ ಯಾವುದೆಂದು
ರಿಜಿಸ್ಟರೆಲ್ಲ ಹುಡುಕಿದಳು.

ಒಂಬತ್ತನೇ ದಿನ ದುಗ್ಗಿ ಗಂಟು ಕಟ್ಟಿದಳು.
ಹದಿನಾಲ್ಕರ ಕಾಲ ಅದು.
ಕಾಡಿನಲ್ಲಿ ಉಪ್ಪಾಗೆ ಉದುರುತ್ತಿತ್ತು.
ಇಲ್ಲಿ ಕೂತರೆ ಸರ್ಕಾರ ಕೊಡುವ ಕೂಲಿ
ಅವಳ ಗಂಡನ ಖಾತೆಗೆ, ಯಾವಾಗಲೋ;
ಅಲ್ಲಿ ಬುಟ್ಟಿ ಇಳಿಸಿದರೆ ಸಂಜೆಗೇ ದುಡ್ಡು.
“ಇನ್ನೈದು ದಿನ,” ಅಂದೆ.
“ಮಳೆ ಕೇಳಬೇಕಲ್ಲ ಅಮ್ಮ,” ಅಂದಳು.
ಪಟ್ಟಿ ಆಗ ಹಳದಿಗೆ
ಒಂದು ಕೂದಲಷ್ಟು ಈಚೆಗಿತ್ತು.

ಈಗ ಹೊಸ ಆದೇಶ. ಶಿಬಿರ ಬೇಡ,
ಮಗುವನ್ನು ಮನೆಯಿಂದ ಕಿತ್ತು ತರುವುದು ತಪ್ಪು,
ಇನ್ನು ಮನೆಯಲ್ಲೇ ಆರೈಕೆ, ಪುಡಿಯ ಪೊಟ್ಟಣ,
ಮೊಬೈಲಿನಲ್ಲಿ ಮಗುವಿನ ಮುಖ.
ಓದಿದಾಗ ಸರಿ ಅನ್ನಿಸಿತು. ಈಗಲೂ ಪೂರ್ತಿ ತಪ್ಪು ಅನ್ನಲಾರೆ,
ದುಗ್ಗಿಯನ್ನು ಬಾಗಿಲಿಗೆ ಅಡ್ಡ ನಿಂತು ತಡೆದವಳು ನಾನೇ.
ಆದರೆ ಕಾರೆಹೊಂಡದಲ್ಲಿ ನೆಟ್‌ವರ್ಕು ಸಿಗುವುದು
ಒಂದು ಹಲಸಿನ ಮರದ ಎರಡನೇ ಕವಲಿನಲ್ಲಿ.
ಮಗುವಿನ ಮುಖ ಎತ್ತಿಕೊಂಡು
ಅಂಗನವಾಡಿಯ ರತ್ನಾವತಿ ಅಲ್ಲಿಗೆ ಹತ್ತಬೇಕು.

ಪಾತ್ರೆ ಲೆಕ್ಕ ಒಪ್ಪಿಸಿ ಬಂದೆ:
ಡಬರಿ ನಾಲ್ಕು, ಸೌಟು ಆರು, ಒಂದು ಸೊಟ್ಟ,
ತಕ್ಕಡಿ ಒಂದು, ಚಡ್ಡಿ ಹರಿದಿದೆ.
ಪಟ್ಟಿ ಕೊಡಲಿಲ್ಲ. ನನ್ನ ಪ್ರಾರ್ಥನೆ ಪುಸ್ತಕದಲ್ಲಿ
ಗುರುತಿಗೆ ಇದೆ. ಯಾರೂ ಕೇಳಲೂ ಇಲ್ಲ.

ಮೊನ್ನೆ ಸಂತೆಯಲ್ಲಿ ದುಗ್ಗಿ ಸಿಕ್ಕಳು,
ಸೊಂಟದಲ್ಲಿ ಇನ್ನೊಂದು ಕೂಸು.
ಬೆಳ್ಳಿ ಸೆರಗು ಜಗ್ಗಿ ಕಡಲೆ ಮಿಠಾಯಿಗೆ ರಂಪ.
ಆ ರಂಪ ನೋಡಿ ನನಗೆ ಹಿಗ್ಗು.
ಪುಸ್ತಕ ಮನೆಯಲ್ಲಿತ್ತು. ಮಾತಾಡುತ್ತ ಮಾತಾಡುತ್ತ
ಕೂಸಿನ ತೋಳು ಹಿಡಿದೆ, ಆಡಿಸುವವಳ ಹಾಗೆ.
ಹೆಬ್ಬೆರಳೂ ತೋರುಬೆರಳೂ ಆ ಬದಿಯಲ್ಲಿ
ಒಂದನ್ನೊಂದು ಮುಟ್ಟಿದವು.
ದುಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದಳು.