ನಾನೂರಾ ಹನ್ನೆರಡು, ನಾನೂರಾ ಹದಿಮೂರು

ಟೇಬಲ್ಲಿನ ಮ್ಯಾಲ ಎರಡು ಪೆಟ್ಟಿಗಿ,
ಬೇಸ್ ಗಿಟಾರಿನ ಆಂಪ್ಲಿಫೈಯರು.
ಒಂದೇ ಕಂಪನಿ, ಒಂದೇ ಮಾಡೆಲ್, ಎಪ್ಪತ್ತನಾಕರ ಮಾಲು.
ಹಿಂದಿನ ತಗಡಿಗೆ ಹೊಡೆದ ನಂಬರು
ಒಂದರದು ೪೧೨, ಇನ್ನೊಂದರದು ೪೧೩.
ಸಿಕಂದರಾಬಾದಿನ ಒಂದೇ ಅಂಗಡಿಯಿಂದ
ಒಂದೇ ಬಸ್ಸಿನ ಟಾಪಿನ ಮ್ಯಾಲ ಬೀದರಕ್ಕ ಬಂದವು,
ಒಂದು ಮಂಗಲಪೇಟಿ ಚರ್ಚಿಗೆ,
ಒಂದು ಗುಲ್‌ಬಹಾರ್ ಆರ್ಕೆಸ್ಟ್ರಾದ ಮುನವ್ವರ್ ಸಾಬರಿಗೆ.

ಚರ್ಚಿನಿಂದ ರಿಪೇರಿಗೆ ಬಂದದ್ದು ೪೧೨: ದನಿ ದುಂಡಗ,
ತುಂಬಿದ ಕೊಡ ತಲಿಮ್ಯಾಲಿಂದ ಇಳಿಸಿದಂಗ.
ಆರ್ಕೆಸ್ಟ್ರಾದ್ದು ೪೧೩: ತಂತಿ ಮುಟ್ಟಿದರ
ಜೋಳದ ಚೀಲ ಫರಸಿ ಮ್ಯಾಲ ಎಳೆದಂಗ,
ಅಂಚಿಗೆ ಸಣ್ಣ ಹಲ್ಲು.

ಮುನವ್ವರ್ ಸಾಬರ ಮೊಮ್ಮಗ ಸಮದ್ ಕೇಳತಾನ:
"ಚಾಚಾ, ಇದನ್ನ ಅದರಂಗ ಮಾಡಿಕೊಡ್ರಿ.
ಒಂದೇ ಮಾಡೆಲ್ ಅಲ್ಲೇನು?"

ಹೌದಪ್ಪ, ಒಂದೇ ಮಾಡೆಲ್.
ನಕ್ಷೆದಾಗ.
ನೂರು ಅಂತ ಪಟ್ಟಿ ಬಳಿದ ರೆಸಿಸ್ಟರು
ಇದರಾಗ ತೊಂಬತ್ತೊಂದು, ಅದರಾಗ ನೂರಾ ಎಂಟು;
ಹತ್ತು ಹೆಚ್ಚುಕಮ್ಮಿಗೆ ಕಂಪನಿನೇ ಮಾಫಿ ಕೊಟ್ಟದ.
ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದ ಹೆಣ್ಣಮಗಳು
ನಡುವ ಎದ್ದು ನೀರು ಕುಡಿದು ಬಂದಿರಬೇಕು,
ಎಣಿಕಿ ತಪ್ಪಿರಬೇಕು.
ಆಮ್ಯಾಲ ನಮ್ಮೂರಿನ ಕರೆಂಟು:
ಬ್ಯಾಸಿಗಿ ಸಂಜಿ ನೂರಾ ಅರವತ್ತಕ್ಕ ಇಳಿದು
ನಡುರಾತ್ರಿ ಒಮ್ಮೆಲೇ ಎರಡನೂರಾ ಎಪ್ಪತ್ತು.
ಐವತ್ತು ವರ್ಷ ಇದನ್ನೇ ಉಂಡ ಕಂಡೆನ್ಸರು
ಎರಡೂ ಒಂದೇ ಮಾತು ಹ್ಯಾಂಗ ಆಡ್ಯಾವು?
ಬಿದ್ರಿ ಹೂಜಿಯ ಹೋಲಿಕಿ ಮಾತ್ರ ಬ್ಯಾಡ;
ಇಲ್ಲಿ ಎಲ್ಲದಕ್ಕೂ ಅದನ್ನೇ ಹೇಳತಾರ.

ಚರ್ಚಿನಾಗ ಬಾರಿಸುತ್ತಿದ್ದವರು ಜಯವಂತ ಮಾಸ್ತರು.
ಹೋಗಿ ಆರು ವರ್ಷ.
"ಆ ದನಿ ಮಾಸ್ತರ ಬೆರಳಿಂದು" ಅಂತಾರ ಪೇಟಿ ಮಂದಿ.
"ಪೆಟ್ಟಿಗಿದು" ಅಂತ ನಂದು ವಾದ.
ಅವರ ಹೆಂಡತಿ ಕರುಣಾಬಾಯಿ ವಿಚಾರಿಸಲಿಕ್ಕೆ ಬಂದಾಗ
ಗ್ವಾಡಿಗೆ ಮುಖ ಮಾಡಿ ಕುಂದರಿಸಿದೆ.
ಅದೇ ಗಿಟಾರು, ಅದೇ ಮೂರು ಸ್ವರ, ಸಮದನ ಅದೇ ಬೆರಳು.
ಮೊದಲು ೪೧೨. ಸುಮ್ಮನ ಕುಂತರು.
ಆಮ್ಯಾಲ ೪೧೩.
ಸೆರಗಿನ ತುದಿ ಹೊಸೆಯುತ್ತಿದ್ದ ಕೈ ನಿಂತಿತು.
"ಇದು ನಮ್ಮದು. ಮದುವಿಯಾದ ಹೊಸತರಾಗ
ಶನಿವಾರ ರಾತ್ರಿ ಮನಿಗೆ ತಂದು ಬಾರಿಸುತ್ತಿದ್ದರು,
ತಾಟಿನಾಗ ಆರಿಸಲಿಕ್ಕಿಟ್ಟ ತೊಗರಿ ಬ್ಯಾಳಿ ನಡಗತಿತ್ತು."

ಸಮದ್ ನನ್ನ ಮುಖ ನೋಡಿದ.
ಮುದುಕಿ ಕಿವಿ, ಅಂದಿತು ಅವನ ಕಣ್ಣು.
ನಾನೂ ಹಂಗೇ ಅಂದುಕೊಂಡೆ.
ಹೂಂ ಅಂದೆ, ಚಹಾ ತರಿಸಿದೆ.

ರಾತ್ರಿ ೪೧೩ ಬಿಚ್ಚಿದರ
ಟ್ರಾನ್ಸ್‌ಫಾರ್ಮರಿನ ಕಾಲ ಕೆಳಗ
ಎಂಟು ಮಡಿಕಿ ಮಾಡಿ ತುರುಕಿದ ಕಾಗದ.
ಬಿಲ್ಲು. ಉರ್ದು ಅಕ್ಷರ, ನೀಲಿ ಶಾಯಿ.
ಮಂಗಲಪೇಟಿ ಚರ್ಚು. ನಂಬರು ೪೧೩.

ಹುಮನಾಬಾದಿನ ಯಾವುದೋ ಮದುವಿ ಇರಬೇಕು,
ಎರಡೂ ಪಾರ್ಟಿಗೆ ಒಂದೇ ಟೆಂಪೊ,
ಕತ್ತಲಾಗ ಇಳಿಸಿಕೊಂಡವರು ಯಾರೋ.
ಮಾಸ್ತರಿಗೆ ತಿಳಿಯಲಿಲ್ಲ ಅಂತೀರಾ?
೪೧೨ರ ಟೋನಿನ ಬಿರಡಿ ಸುತ್ತ
ಕೀಲಿ ತುದಿಲೆ ಗೀಚಿದ ಗುರುತು ಅವ,
ಒಂದಲ್ಲ, ಹತ್ತಾರು, ಒಂದರ ಮ್ಯಾಲ ಒಂದು:
ಮಂದಿ ಪೆಟ್ಟಿಗಿಯೊಳಗ ತನ್ನ ದನಿ ಹುಡುಕಿದ ಲೆಕ್ಕ.
ಸಿಗಲಿಲ್ಲ. ಇನ್ನೊಂದು ಸಿಕ್ಕಿತು.
ಪೇಟಿ ಅದಕ್ಕೇ ಮಾಸ್ತರ ದನಿ ಅಂತ ಹೆಸರಿಟ್ಟಿತು.

ನನ್ನ ವಾದ ಗೆದ್ದಿತೋ ಸೋತಿತೋ.
ಮುಂಜಾನೆ ಸಮದಗ ಹೇಳಿದೆ:
ಇದು ಅದರಂಗ ಆಗೂದಿಲ್ಲ, ತಮ್ಮಾ.
ಕರುಣಾಬಾಯಿಗೂ ಹೇಳಬೇಕು. ಐತವಾರ ಹೋದರಾಯ್ತು ಅಂದುಕೊಂಡು
ಎರಡು ಐತವಾರ ಹೋದವು.

ಬಿಲ್ಲು ಸವರಿ ಕಿಸೆದಾಗ ಇಟ್ಟು
ಪೆಟ್ಟಿಗಿ ಹಚ್ಚಿ ನೋಡಿದೆ.
ಝರ್ ಅಂತ ನಡುಗಿತು ಟ್ರಾನ್ಸ್‌ಫಾರ್ಮರು.
ಮತ್ತ ಎಂಟು ಮಡಿಕಿ ಮಾಡಿ
ಇದ್ದಲ್ಲೇ ತುರುಕೀನಿ.
ಈಗ ಸುಮ್ಮನದ.