ಒಂದಾಳಿನ ಅಗಲ

ಇನ್ನೂರ ಹದಿನೇಳು ಸುರಂಗ
ಪರದೆಯ ಮೇಲೆ, ಪೈವಳಿಕೆಯಿಂದ ಬಾಯಾರಿನವರೆಗೆ.
ಒಂದೊಂದಕ್ಕೂ ಒಂದು ನೀಲಿ ಬೊಟ್ಟು,
ಉದ್ದ ಹೆಚ್ಚಿದಷ್ಟೂ ಬೊಟ್ಟು ದೊಡ್ಡದು.
ನಿಯಮ ನಾನೇ ಬರೆದದ್ದು.

ದೂರ ಸರಿದು ನೋಡಿದರೆ
ಬೊಟ್ಟಿಗೆ ಬೊಟ್ಟು ಅಂಟಿ, ಗುಡ್ಡಗಳೆಲ್ಲ ಮುಳುಗಿ
ಮಂಜೇಶ್ವರದ ಮೂಡಕ್ಕೆ ಇನ್ನೊಂದು ಕಡಲು.
'ನೀರಿಗೇನು ಕಡಿಮೆ ಮಾರಾಯ್ತಿ ನಿಮಗೆ'
ಎಂದು ನಕ್ಕಳು ಸೌದಾ,
ಎರಡು ದಿನದಿಂದ ನಳ್ಳಿಯಲ್ಲಿ ಗಾಳಿ ಮಾತ್ರ ಬರುತ್ತಿದ್ದ
ಉಪ್ಪಳದ ನಮ್ಮ ಆಫೀಸಿನಲ್ಲಿ.

ಹತ್ತಿರ ಹೋದೆ. ಮೌಸಿನ ಚಕ್ರ ಒಂದು ಸುತ್ತು.
ನೆಲ ಹಿಗ್ಗಿತು, ಜತೆಗೆ ಬೊಟ್ಟೂ ಹಿಗ್ಗಿತು.
ಇನ್ನೊಂದು ಸುತ್ತಿಗೆ
ಮನೆ, ಹಟ್ಟಿ, ಮಸೀದಿಯ ಗೇಟು
ಒಂದೇ ನೀಲಿಯ ಅಡಿಗೆ.
ಏನನ್ನು ಹುಡುಕಿ ಬಂದೆನೋ
ಅದೇ ಅಡ್ಡ ನಿಂತಿತು.

ನಿಯಮ ಬದಲಿಸಿದೆ:
ನೆಲ ಎಷ್ಟೇ ಬೆಳೆಯಲಿ, ಬೊಟ್ಟು ಆರೇ ಪಿಕ್ಸೆಲ್.
ಈಗ ಪರದೆ ತುಂಬ ಗುಡ್ಡ, ಗುಡ್ಡದ ನಡುವೆ ಒಂದು ಸಾಸಿವೆ.
ಮೂವತ್ತು ಕೋಲಿನದ್ದೂ ಸಾಸಿವೆ, ಇನ್ನೂರರದ್ದೂ ಸಾಸಿವೆ.

ನಡುವೆ ಒಂದು ದಾರಿ ಉಂಟು, ಗೊತ್ತು.
ನೆಲ ನಾಲ್ಕು ಪಟ್ಟಾದರೆ ಬೊಟ್ಟು ಎರಡು ಪಟ್ಟು,
ನೆಲ ಒಂಬತ್ತಾದರೆ ಬೊಟ್ಟು ಮೂರು.
ವರ್ಗಮೂಲ. ಬೆತ್ತದ ಜತೆ ಕಲಿತದ್ದು
ಇಷ್ಟು ತಡವಾಗಿ ಉಪಯೋಗಕ್ಕೆ ಬಂತು.
ಕಣ್ಣಿಗೆ ಹಿತ. ಆದರೆ ಆ ಗಾತ್ರ
ಗುಡ್ಡದ್ದೂ ಅಲ್ಲ, ಸುರಂಗದ್ದೂ ಅಲ್ಲ,
ನಮ್ಮ ರಾಜಿಯದ್ದು.

ಹೆಸರುಗಳದ್ದು ಬೇರೆ ಜಗಳ.
ಬೊಟ್ಟಿನ ಮೇಲೆ ಬೊಟ್ಟು ಕೂರಬಹುದು,
ಅಕ್ಷರದ ಮೇಲೆ ಅಕ್ಷರ ಕೂರಬಾರದು.
ಜಾಗ ಸಾಲದಾದರೆ ಯಂತ್ರ ಸಣ್ಣದರ ಬಾಯಿ ಮುಚ್ಚಿಸುತ್ತದೆ.
ನೆಕ್ಕರೆಮೂಲೆ ಹೋಯಿತು. ಈಂದುಗುಳಿ ಹೋಯಿತು.
ಕೊಡಂಚಕಜೆ ಒಮ್ಮೆ ಮಿನುಗಿ ಹೋಯಿತು.
ಕೊನೆಗೆ ಉಳಿದದ್ದು ಪಂಚಾಯತು,
ಎರಡು ಲಿಪಿಯಲ್ಲಿ, ಒಂದನ್ನೊಂದು ತಳ್ಳುತ್ತ.

ಪಟ್ಟಿ ಸರಿ ಉಂಟಾ ನೋಡಲು ಚನಿಯಪ್ಪಣ್ಣನನ್ನು ಕರೆಸಿದ್ದೆವು.
ಶನಿವಾರ ಹುಟ್ಟಿದವರು, ಶನಿವಾರವೇ ಬಂದರು.
ನಲವತ್ತು ವರ್ಷ ಗುಡ್ಡದೊಳಗೆ ಬಗ್ಗಿ
ಈಗ ಹೊರಗೂ ಬಗ್ಗಿಯೇ ನಡೆಯುತ್ತಾರೆ.
ಪರದೆಗೆ ಬೆರಳಿಟ್ಟರು. ಬೆರಳಡಿ ಮೂರು ಊರು ಮುಚ್ಚಿದವು.
'ಇದು ಯಾಕೆ ಗುಂಡಗೆ?'
ಉದ್ದ ಹೆಚ್ಚಿದರೆ ಬೊಟ್ಟು ದೊಡ್ಡದು ಅಂತ ಲೆಕ್ಕ, ಅಂದೆ.
'ಉದ್ದ ಎಷ್ಟಾದರೂ ಅಗಲ ಒಂದಾಳು ಮಗಾ.
ಹತ್ತು ಕೋಲಿಗೂ ಒಂದಾಳು, ಇನ್ನೂರು ಕೋಲಿಗೂ ಒಂದಾಳು.
ಅಗಲ ಮಾಡಿದರೆ ಗುಡ್ಡ ತಲೆ ಮೇಲೆ ಕೂರ್ತದೆ.'

ಮತ್ತೆ, ಚಾ ಆರಿಸಿಕೊಳ್ಳುತ್ತ:
'ಒಳಗೆ ಹೋದ ಹಾಗೆ ಹಿಂದಿನ ಬೆಳಕು ಸಣ್ಣ ಆಗ್ತದೆ.
ಮೊದಲು ಬಾಗಿಲಷ್ಟು, ಆಮೇಲೆ ಮೊರ, ಆಮೇಲೆ ಎಂಟಾಣೆ.
ಕಡ್ಲೆಯಷ್ಟಾದರೆ ನೂರು ಕೋಲು ದಾಟಿತು ಅಂತ ನನ್ನ ಅಂದಾಜು.
ಪಿಕ್ಕಾಸು ಮಾತ್ರ ಅಷ್ಟೇ. ಬುಟ್ಟಿಯೂ ಅಷ್ಟೇ.
ಬುಟ್ಟಿ ಹೊರುವವಳಿಗೆ ದಾರಿ ಉದ್ದ, ಅಷ್ಟೇ.'
ಆ ಅವಳು ಯಾರು ಎಂದು ಸೌದಾ ಕೇಳಲಿಲ್ಲ. ನಾನೂ.

ಬೊಟ್ಟುಗಳನ್ನೆಲ್ಲ ಅಳಿಸಿದೆ.
ಒಂದೊಂದಕ್ಕೂ ಒಂದು ಗೆರೆ ಎಳೆದೆ,
ಎಷ್ಟು ಹತ್ತಿರ ಹೋದರೂ ಅದೇ ದಪ್ಪ,
ಎಷ್ಟು ದೂರ ಬಂದರೂ ಅದೇ.
ದೂರದಿಂದ, ಗುಡ್ಡವನ್ನು ಯಾರೋ
ಉಗುರಲ್ಲಿ ಗೀರಿದ ಹಾಗೆ.

'ನೀರು ಸಿಗದೆ ಬಿಟ್ಟದ್ದೊಂದುಂಟಲ್ಲ, ಅದೆಲ್ಲಿ?'
ಪಟ್ಟಿಯಲ್ಲಿ ಇರಲಿಲ್ಲ.
ಮೌಸು ಅವರ ಕೈಗೆ ಕೊಟ್ಟೆ. ಚಕ್ರ ತಿರುಗಿಸಿದರು, ತಿರುಗಿಸಿದರು,
ಗುಡ್ಡ ಮಸುಕಾಗಿ, ಚೌಕ ಚೌಕವಾಗಿ,
ಕೊನೆಗೆ ಬೂದಿ ಬಣ್ಣ: ಇಲ್ಲಿ ಚಿತ್ರ ಲಭ್ಯವಿಲ್ಲ.
'ಇಲ್ಲೇ' ಅಂದರು.

ಹೊಸ ಸಾಲು ತೆರೆದೆ. ಉದ್ದ ಎಂಬತ್ತು ಕೋಲು.
ಅಗಲ ಒಂದು.
ನೀರಿನ ಕಾಲಮಿನಲ್ಲಿ ಬೆರಳು ನಿಂತಿತು.
'ಸೊನ್ನೆ ಹಾಕು' ಅಂದಳು ಸೌದಾ,
'ಖಾಲಿ ಬಿಟ್ಟರೆ ಅದು ಗೆರೆಯನ್ನೇ ಎಳೆಯುವುದಿಲ್ಲ.'